ಅಪ್ಪ ಕೂತಿರುವ ಊರು

ಲಂಡನ್ನಿನ ದಕ್ಷಿಣ ಅಂಚಿನ ಸಟನ್ ಬಳಿಯ ದೊಡ್ಡ ಆಸ್ಪತ್ರೆಯೊಂದರ ನೆಲಮಹಡಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿದ ಮೇಲೆ ಒಂದು ಕೋಣೆಯಿದೆ. ಎಲ್ಲ ಧರ್ಮದವರೂ ಪ್ರಾರ್ಥನೆ ಮಾಡಬಹುದು ಎಂದು ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ನೀಲಿ ಸಮವಸ್ತ್ರದ ವಿಶಾಲಾಕ್ಷಿ ವ್ಯಾಕ್ಯೂಮ್ ಯಂತ್ರವನ್ನು ಗೋಡೆಗೆ ಒರಗಿಸಿ ಬಾಗಿಲ ಆಚೆಯೇ ನಿಂತಿದ್ದಾರೆ. ಒಳಗೆ ಇದ್ರಿಸ್ ನಮಾಜಿನಲ್ಲಿದ್ದಾರೆ. ಇದ್ರಿಸ್ ಸುಡಾನಿನವರು, ರೋಗಿಗಳ ಗಾಲಿಮಂಚ ತಳ್ಳುವ ಪೋರ್ಟರ್, ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟವರು. ಅವರು ಎದ್ದು ಚಾಪೆ ಸುತ್ತುವವರೆಗೆ ವಿಶಾಲಾಕ್ಷಿ ಯಂತ್ರದ ಗುಂಡಿ ಒತ್ತುವುದಿಲ್ಲ.

ಆಮೇಲೆ ಕೆಲಸ ಬಿರುಸಾಗಿ ಸಾಗುತ್ತದೆ. ಜಮಖಾನೆ ಗುಡಿಸಿ, ಕೈಕಾಲು ತೊಳೆಯುವ ನಲ್ಲಿಯ ಕೆಳಗಿನ ನೀರು ಒರೆಸುತ್ತಾರೆ. ಗ್ರಂಥಗಳ ಕಪಾಟಿಗೆ ಬೇರೆಯದೇ ಒಂದು ಬಟ್ಟೆ. ಅದನ್ನು ಇನ್ನೆಲ್ಲಿಗೂ ಮುಟ್ಟಿಸುವುದಿಲ್ಲ. ಶುಕ್ರವಾರ ಕುರ್ಚಿಗಳನ್ನೆಲ್ಲ ಕಾರಿಡಾರಿಗೆ ಸಾಗಿಸಬೇಕು, ಭಾನುವಾರ ಅವನ್ನೇ ಸಾಲಾಗಿ ಹಾಕಬೇಕು. ಒಂದು ದೀಪಾವಳಿಗೆ ಯಾರೋ ಇಲ್ಲಿ ದೀಪ ಹಚ್ಚಿ, ಬೆಂಕಿಯ ಅಲಾರಂ ಹೊಡೆದುಕೊಂಡು, ಇಡೀ ಮಹಡಿಯ ಜನ ಅಂಗಳಕ್ಕೆ ಬಂದು ನಿಂತಿದ್ದುಂಟು. ಅಂದಿನಿಂದ ಹಬ್ಬಕ್ಕೆ ವಿಶಾಲಾಕ್ಷಿಯೇ ಬ್ಯಾಟರಿಯ ಪುಟ್ಟ ದೀಪಗಳನ್ನು ತಂದಿಡುತ್ತಾರೆ.

ಮೈಸೂರಿನ ಶಸ್ತ್ರವೈದ್ಯ ಡಾ. ರಾಮಪ್ರಸಾದ್ ಆಪರೇಷನ್ ಥಿಯೇಟರಿಗೆ ಹೋಗುವ ಮುನ್ನ ಇಲ್ಲಿ ಬಂದು ಕಣ್ಣು ಮುಚ್ಚಿ ನಿಲ್ಲುತ್ತಾರೆ. “ಇದು ಬೇರೆಯವರ ಜಾಗ ಅಂತ ಇಲ್ಲಿ ಯಾರಿಗೂ ಅನ್ನಿಸಲ್ಲ. ಅದು ತಾನಾಗೇ ಆಗಿದ್ದಲ್ಲ, ವಿಶಾಲಾಕ್ಷಮ್ಮ ನೋಡ್ಕೊಂಡಿರೋದು,” ಎನ್ನುತ್ತಾರೆ.

ಈ ಮಾತು ಹೇಳಿದರೆ ವಿಶಾಲಾಕ್ಷಿ ನಗುತ್ತಾರೆ. “ನಾ ಏನೂ ಹೊಸಾದು ಮಾಡಿಲ್ಲರಿ. ಮಸ್ಕತ್ತಿನಾಗ ನಮ್ಮ ಬಿಲ್ಡಿಂಗ್ ಹಿಂಗs ಇತ್ತು.”

ಐವತ್ತು ದಾಟಿದ ವಿಶಾಲಾಕ್ಷಿ ಹುಟ್ಟಿದ್ದು ಒಮಾನ್ ದೇಶದ ಮಸ್ಕತ್ತಿನಲ್ಲಿ. ತಂದೆ ವೀರಭದ್ರಪ್ಪ ಹುಬ್ಬಳ್ಳಿಯ ದರ್ಜಿ. ಸಲೀಂ ಎಂಬ ಒಮಾನಿ ವ್ಯಾಪಾರಿ ಅವರನ್ನು ಕೆಲಸಕ್ಕೆ ಕರೆಸಿಕೊಂಡಿದ್ದರು. ಅಲ್ಲಿನ ಗಂಡಸರು ತೊಡುವ, ಕೊರಳಲ್ಲಿ ಪುಟ್ಟ ಕುಚ್ಚು ಇರುವ ಉದ್ದನೆಯ ಬಿಳಿ ಅಂಗಿಯನ್ನು ವೀರಭದ್ರಪ್ಪ ಇಪ್ಪತ್ತು ವರ್ಷ ಹೊಲಿದರು. ರೂವಿ ಎಂಬ ಬಡಾವಣೆಯಲ್ಲಿ ಸಲೀಂ ಅವರದೇ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಅವರ ಮನೆ, ಕೆಳಗೆ ಬಾಡಿಗೆಯವರು.

ಆ ಕಟ್ಟಡವನ್ನು ವಿಶಾಲಾಕ್ಷಿ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಸಲೀಂ ಅವರದು ಇಬಾದಿ ಪಂಥ. ಸುನ್ನಿಯೂ ಅಲ್ಲದ, ಶಿಯಾವೂ ಅಲ್ಲದ ಈ ಹಳೆಯ ಪಂಥಕ್ಕೆ ಒಮಾನ್ ದೇಶವೇ ಮನೆ. ಎದುರು ಮನೆಯ ಗುಮಾಸ್ತ ಶಿಯಾ. ಕೆಳಗಿನ ಅಂಗಡಿಯ ಬಲೂಚಿ ಸುನ್ನಿ. ಪಕ್ಕದಲ್ಲಿ ಮಂಗಳೂರಿನ ಕ್ಯಾಥೊಲಿಕ್ ಕುಟುಂಬ, ಅದರಾಚೆ ಗುಜರಾತಿ ವೈಷ್ಣವರು, ಮೆಟ್ಟಿಲ ಬುಡದ ಕೋಣೆಯಲ್ಲಿ ಸಿಂಹಳದ ಬೌದ್ಧ ನರ್ಸ್. ಇಂದಿಗೂ ಆ ದೇಶದಲ್ಲಿ ಹತ್ತು ಮಂದಿಯಲ್ಲಿ ನಾಲ್ವರು ಹೊರಗಿನಿಂದ ದುಡಿಯಲು ಬಂದವರು. ದೇವಸ್ಥಾನವೂ ಇದೆ, ಚರ್ಚೂ ಇದೆ. ಪೂಜೆಯೆಲ್ಲ ಅವುಗಳ ಗೋಡೆಯೊಳಗೆ. ಬೀದಿಯಲ್ಲಿ ಮೆರವಣಿಗೆಯಿಲ್ಲ, ಪ್ರಚಾರವಿಲ್ಲ.

“ಜಗಳ ಆಗ್ತಿದ್ವು. ಆಗ್ತಿದ್ದಿಲ್ಲ ಅಂದ್ರ ಸುಳ್ಳಾಗ್ತದ. ಆದ್ರ ಅವು ದೇವರ ಜಗಳ ಅಲ್ಲ, ಒಣಮೀನದ ಜಗಳ. ಸಲೀಂ ಕಾಕಾರ ಮನ್ಯಾಗ ಮಾಳಗಿ ಮ್ಯಾಲೆ ಮೀನ ಒಣಗಿಸಿದ್ರ ಗುಜರಾತಿ ಬೆನ್ ಬಾಗಿಲಾ ಹಾಕ್ಕೊಂಡು ಎರಡ ದಿನಾ ಮಾತ ಬಿಡ್ತಿದ್ರು. ಮೂರನೇ ದಿನಾ ಅವರs ಢೋಕ್ಳಾ ಕೊಟ್ಟು ಕಳಸ್ತಿದ್ರು.”

ಸಲೀಂ ಅವರ ಮಗಳು ಜುವೈನಾ, ವಿಶಾಲಾಕ್ಷಿಯ ವಾರಿಗೆಯವಳು. ರಮ್ಜಾನಿನಲ್ಲಿ ಗೆಳತಿ ಉಪವಾಸ ಇದ್ದಾಳೆಂದು ಇವಳೂ ಸಂಜೆಯವರೆಗೆ ನೀರು ಕುಡಿಯದೆ ಕೂತು ತಾಯಿಯಿಂದ ಬೈಸಿಕೊಳ್ಳುತ್ತಿದ್ದಳು. ಜುವೈನಾ ರೊಟ್ಟಿ ಬಡಿಯುವುದನ್ನು ಕಲಿತಳು. ಜೊತೆಗೆ ಒಂದಿಷ್ಟು ಹುಬ್ಬಳ್ಳಿ ಕನ್ನಡವನ್ನೂ.

ವಿಶಾಲಾಕ್ಷಿಗೆ ಹತ್ತೊಂಬತ್ತು ವರ್ಷವಾದಾಗ, ಒಂದು ಮಧ್ಯಾಹ್ನ, ವೀರಭದ್ರಪ್ಪ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಪ್ರಾಣಬಿಟ್ಟರು.

ಊರಿನ ಹಿಂದೂಗಳು ಸುದ್ದಿ ಕೇಳಿ ತಾವಾಗಿಯೇ ಬಂದರು. ದಹನಕ್ಕೆ ಬೇಕಾದುದನ್ನೆಲ್ಲ ತಾವೇ ಹೊಂದಿಸುತ್ತೇವೆ ಎಂದರು. ಆದರೆ ತಾಯಿ ರತ್ನವ್ವ ಗಂಡನ ತಲೆದೆಸೆಯಿಂದ ಏಳಲಿಲ್ಲ. ‘ನಾವು ಲಿಂಗಾಯತರು. ನಮ್ಮೊಳಗ ಸುಡೂದಿಲ್ಲ. ಕುಂದರ್ಸಿ ಮಣ್ಣ ಮಾಡ್ತೀವಿ’ ಎಂದು ಒಂದೇ ಪಟ್ಟು ಹಿಡಿದರು. ಆ ಊರಲ್ಲಿ ಅಂಥದ್ದನ್ನು ಕಂಡವರಿರಲಿಲ್ಲ. ಹಿಂದೂಗಳಿಗೆ ಚಿತೆಗೆ ಜಾಗವಿತ್ತು, ಮುಸ್ಲಿಮರಿಗೂ ಕ್ರೈಸ್ತರಿಗೂ ಮಣ್ಣಿತ್ತು. ಹೂಳಿಸಿಕೊಳ್ಳುವ ಹಿಂದೂವಿಗೆ ಎಲ್ಲಿಯ ಜಾಗ? ಹುಬ್ಬಳ್ಳಿಗೆ ಒಯ್ಯಬೇಕೆಂದರೆ ಕಾಗದಪತ್ರಗಳೆಲ್ಲ ಆಗುವವರೆಗೆ ಶೀತಲಪೆಟ್ಟಿಗೆಯಲ್ಲಿ ಇಡಬೇಕು. ಅದನ್ನೂ ರತ್ನವ್ವ ಒಪ್ಪಲಿಲ್ಲ.

ಮಾತು ಅರಬ್ಬಿಯಲ್ಲಿ ಆಗಬೇಕಿತ್ತು. ಮನೆಯಲ್ಲಿ ಅರಬ್ಬಿ ಚೆನ್ನಾಗಿ ಬರುತ್ತಿದ್ದುದು ಮಗಳಿಗೆ ಮಾತ್ರ.

“ಸಲೀಂ ಕಾಕಾ ನನ್ನ ಕೇಳಿದ್ರು, ನಿಮ್ಮಪ್ಪ ಹಿಂದೂ ಹೌದೋ ಅಲ್ಲೋ ಅಂತ. ಹೌದು, ಆದ್ರ ನಿಮ್ಮಂಗ ಮಣ್ಣಾಗ ಹೋಗ್ತಾರ ಅಂದೆ. ಹಂಗಾರ ಸರಳ ಆತು ಅಂದ್ರು. ಇಲ್ಲ ಕಾಕಾ, ಮಲಗೂದಿಲ್ಲ, ಕೂತಿರ್ತಾರ ಅಂದೆ. ಅದಕ್ಕ ಅವರು ಅಂದ್ರು, ಜೀವಮಾನ ಎಲ್ಲಾ ನನ್ನ ಮಷಿನ್ ಮುಂದ ಕೂತಾನ. ಇನ್ನೂ ಕೂತs ಇರಬೇಕೇನವ್ವಾ ಅಂತ. ಅಷ್ಟ ಅಂದು ಕಣ್ಣ ಒರಸ್ಕೊಂಡ್ರು.”

ಸಲೀಂ ಆಗಲೇ ಎದ್ದು ಹೋದರು. ಯಾವ ಕಚೇರಿಗೆ ಅಲೆದರೋ, ಯಾರಿಗೆ ಏನು ಹೇಳಿದರೋ ಮನೆಯವರಿಗೆ ತಿಳಿಯದು. ಮರುದಿನ ಊರಾಚೆ, ಬೋಳು ಗುಡ್ಡಗಳ ನಡುವಿನ ಕ್ರೈಸ್ತರ ಸ್ಮಶಾನದಲ್ಲಿ, ಮೂಲೆಯ ಒಂದು ಜಾಗಕ್ಕೆ ಒಪ್ಪಿಗೆ ಸಿಕ್ಕಿತು. ಪಾದ್ರಿಗಳು ಅಡ್ಡಿ ಮಾಡಲಿಲ್ಲ. ಬಲೂಚಿ ಕೂಲಿಗಳು ಕಲ್ಲುನೆಲವನ್ನು ಚೌಕಾಕಾರಕ್ಕೆ ಆಳವಾಗಿ ಅಗೆದರು. ಸಂಸ್ಕಾರ ನಡೆಸಲು ಜಂಗಮರಿಲ್ಲ. ರತ್ನವ್ವನೇ ಗಂಡನ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟರು. ಬಿಲ್ವಪತ್ರೆ ಎಲ್ಲಿಂದ ಬರಬೇಕು? ಜುವೈನಾಳ ತಾಯಿ ಅಂಗಳದ ಕಾಮಕಸ್ತೂರಿಯನ್ನು ಮಡಿಲ ತುಂಬ ಕೊಯ್ದು ಕಳಿಸಿದ್ದರು. ಅದನ್ನೇ ಏರಿಸಿದರು.

ದುಃಖ ಆರುವ ಮೊದಲೇ ತಾಯಿ ಮಗಳು ದೇಶ ಬಿಡಬೇಕಾಯಿತು. ಅವರು ಅಲ್ಲಿದ್ದುದು ವೀರಭದ್ರಪ್ಪನವರ ವೀಸಾದ ಮೇಲೆ. ವೀಸಾದ ಯಜಮಾನನೇ ಹೋದ ಮೇಲೆ ನೆಲೆಯೂ ಹೋಯಿತು. ಅಲ್ಲೇ ಹುಟ್ಟಿದ್ದೇನೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ವಿಮಾನ ಏರಿದಾಗ ಸ್ಮಶಾನ ಯಾವ ಕಡೆ ಎಂದು ಕಿಟಕಿಯಲ್ಲಿ ಹುಡುಕಿದ್ದು, ಎಲ್ಲ ಗುಡ್ಡವೂ ಒಂದೇ ಬಣ್ಣ ಕಂಡಿದ್ದು ವಿಶಾಲಾಕ್ಷಿಗೆ ನೆನಪಿದೆ.

ಹುಬ್ಬಳ್ಳಿಯ ನೆಂಟರಿಗೆ ಅವಳು ‘ಮಸ್ಕತ್ತಿನಾಕಿ’ ಆದಳು. ಓಣಿಯ ಹೆಂಗಸರು ಪ್ರೀತಿಯಿಂದಲೇ ಹಾಗೆ ಕರೆಯುತ್ತಿದ್ದರು, ಆದರೂ ಕರೆದಾಗಲೆಲ್ಲ ಹೊಸ್ತಿಲ ಹೊರಗೆ ನಿಂತಂತೆ ಅನ್ನಿಸುತ್ತಿತ್ತು. ಕೆಲವು ವರ್ಷ ಕಳೆದು ಗದಗಿನ ಶಂಕರ ಅವರೊಡನೆ ಮದುವೆ. ಶಂಕರ ಲ್ಯಾಬ್ ಟೆಕ್ನಿಷಿಯನ್. ಕೆಲಸ ಸಿಕ್ಕಿದ್ದು ಲಂಡನ್ನಿನ ಆಸ್ಪತ್ರೆಯಲ್ಲಿ. ಇಬ್ಬರೂ ಸಟನ್ನಿಗೆ ಬಂದರು. ಮಗಳು ಅಪೂರ್ವಾ ಇಲ್ಲೇ ಹುಟ್ಟಿ, ಪ್ರವೇಶ ಪರೀಕ್ಷೆ ಬರೆದು ಸೇರುವ ಇಲ್ಲಿನ ಗ್ರಾಮರ್ ಸ್ಕೂಲಿನಲ್ಲೇ ಓದಿದಳು. ಅವಳು ಶಾಲೆಗೆ ಹೋಗತೊಡಗಿದ ಮೇಲೆ ವಿಶಾಲಾಕ್ಷಿ ಆಸ್ಪತ್ರೆಯ ಸ್ವಚ್ಛತೆಯ ಕೆಲಸಕ್ಕೆ ಸೇರಿದರು. ಮಂಡಿನೋವು ಬಂತು, ಕೈಯ ಚರ್ಮ ಒಡೆಯಿತು, ಕೋವಿಡ್ ಕಾಲದಲ್ಲಿ ಜೊತೆಗಾರರಿಬ್ಬರು ತೀರಿಕೊಂಡರು. ಕೆಲಸ ಬಿಡಲಿಲ್ಲ.

ಕನ್ನಡ ಕೂಟದ ಯುಗಾದಿಗೆ ಲಂಡನ್ನಿನ ಆ ತುದಿಯ ಸ್ಟ್ಯಾನ್ಮೋರಿಗೆ ಹೋದರೆ ವೈದ್ಯರ ಹೆಂಡಂದಿರು, ಐಟಿಯವರು ಕೇಳುವ ಮೊದಲ ಪ್ರಶ್ನೆ, ನಿಮ್ಮೂರು ಯಾವುದು ಅಂತ. ಹುಬ್ಬಳ್ಳಿ ಎನ್ನುತ್ತಾರೆ. ಯಾವ ಓಣಿ, ಯಾವ ಕಾಲೇಜು ಎಂದು ಮಾತು ಮುಂದುವರಿದರೆ ಊಟದ ಸಾಲಿನತ್ತ ಸರಿಯುತ್ತಾರೆ.

“ಮಸ್ಕತ್ ನೆನಪಾಗ್ತದ ಅಂದ್ರ ಮಂದಿ ನಗತಾರ್ರಿ. ಅಲ್ಲೇನದ, ಮರಳು, ಬಿಸಲು ಅಂತಾರ. ಹೌದು, ಅದs ಅದ. ಗುಡ್ಡದ ಮ್ಯಾಲೆ ಒಂದ ಗಿಡ ಇಲ್ಲ. ಆದ್ರ ಸಂಜಿಮುಂದ ಆ ಗುಡ್ಡ ಕೆಂಪಗ ಆಗೂದನ್ನ ನೋಡಿದ ಕಣ್ಣಿಗೆ ಈ ಹಸಿರು ಹಿಡಸಾಕ ಬಾಳ ವರ್ಷ ಬೇಕಾತು. ಮಂದಿ ದೇಶಕ್ಕ ಹೋಗಬೇಕು ಅಂತ ಅಳ್ತಾರ. ನಂಗ ನನ್ನದಲ್ಲದ ದೇಶಕ್ಕ ಹೋಗಬೇಕು ಅಂತ ಅಳು ಬರ್ತಿತ್ತು. ಅದನ್ನ ಯಾರ ಮುಂದ ಹೇಳಲಿ?”

ಹೇಳಿದ್ದು ಮಗಳ ಮುಂದೆ. ಅಪೂರ್ವಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಫೋನು ಹಿಡಿದು ಕೂತಳು. ಹಳೆಯ ರೂವಿ ನಿವಾಸಿಗಳ ಫೇಸ್‌ಬುಕ್ ಗುಂಪೊಂದರಲ್ಲಿ ಸಲೀಂ ಅವರ ಹೆಸರು ಹಾಕಿ ವಿಚಾರಿಸಿದಳು. ಕೆಲವೇ ವಾರಗಳಲ್ಲಿ ಜುವೈನಾಳ ಸೋದರಳಿಯನಿಂದ ಉತ್ತರ ಬಂತು. ಮುಂದಿನ ಚಳಿಗಾಲ ತಾಯಿ ಮಗಳು ಮಸ್ಕತ್ತಿಗೆ ಹೊರಟರು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಎರಡು ವಾರದ ಮಟ್ಟಿಗೆ ವೀಸಾ ಬೇಡ. ಹುಟ್ಟಿದ ನೆಲಕ್ಕೆ ವಿಶಾಲಾಕ್ಷಿ ಕಾಲಿಟ್ಟಿದ್ದು ಪ್ರವಾಸಿಯಾಗಿ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟ್ ತೆರೆದು, ಜನ್ಮಸ್ಥಳದ ಸಾಲಿನಲ್ಲಿ ಮಸ್ಕತ್ ಎಂದಿದ್ದುದನ್ನು ಓದಿ ತಲೆಯೆತ್ತಿದ. “ಇಷ್ಟು ವರ್ಷ ಎಲ್ಲಿದ್ದಿರಿ?” ಎಂದು ಅರಬ್ಬಿಯಲ್ಲಿ ಕೇಳಿದ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಅರಬ್ಬಿ ಮರೆತು, ವಿಶಾಲಾಕ್ಷಿ ಇಂಗ್ಲಿಷಿನಲ್ಲೇ ಲಂಡನ್ ಎಂದರು.

ಕಟ್ಟಡ ಇರಲಿಲ್ಲ. ಆ ಜಾಗದಲ್ಲಿ ಗಾಜಿನ ಮುಖದ ಅಂಗಡಿ ನಿಂತಿತ್ತು. ಅದರ ಮುಂದೆ, ಕಾರಿನ ಬಾಗಿಲು ಹಿಡಿದು, ಮೊಣಕಾಲು ನೋವಿನ, ಈಗ ಅಜ್ಜಿಯಾಗಿದ್ದ ಜುವೈನಾ ಕಾಯುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಆಮೇಲೆ ಜುವೈನಾ ಅಪೂರ್ವಾಳ ಗಲ್ಲ ಹಿಡಿದು, ನೆನಪಿನಲ್ಲುಳಿದ ಅಷ್ಟೇ ಕನ್ನಡದಲ್ಲಿ, “ಊಟಾತೇನವಾ?” ಎಂದಳು. ಹುಟ್ಟಿದಾಗಿನಿಂದ ತಾಯಿಗೆ ಇಂಗ್ಲಿಷಿನಲ್ಲೇ ಉತ್ತರಿಸಿದ ಹುಡುಗಿ, “ಆತ್ರಿ” ಎಂದಳು.

ಸ್ಮಶಾನಕ್ಕೆ ಕರೆದೊಯ್ದವಳೂ ಜುವೈನಾಳೇ. ಗೋರಿ ಸಿಗುವ ಆಸೆ ವಿಶಾಲಾಕ್ಷಿಗೆ ಇರಲಿಲ್ಲ. ಗುರುತಿನ ಕಲ್ಲು ನೆಡುವಷ್ಟು ದಿನ ಕೂಡ ಅವರು ಅಲ್ಲಿ ಉಳಿದಿರಲಿಲ್ಲ. ಮೂಲೆಯ ಹತ್ತಿರ ಎಲ್ಲಿಯಾದರೂ ನಿಂತು ಕೈಮುಗಿದು ಬರೋಣ ಎಂದುಕೊಂಡಿದ್ದರು. ಜುವೈನಾ ಮಾತ್ರ ಶಿಲುಬೆಗಳ ಸಾಲು ದಾಟಿ, ಎಲ್ಲೂ ತಡವರಿಸದೆ, ಗೋಡೆಯ ಬದಿಗೆ ಹೋಗಿ ನಿಂತಳು. ಅಲ್ಲಿ ನೆಲಕ್ಕೆ ನೆಟ್ಟ ಎರಡು ಒರಟು ಕಲ್ಲುಗಳಿದ್ದವು. ಮೇಲೆ ಅಕ್ಷರವಿಲ್ಲ, ಹೆಸರಿಲ್ಲ.

“ಇವು ಯಾರವು ಅಂದೆ. ಆಕಿ ಅಂದ್ಲು, ನಿಮ್ಮಪ್ಪಂದು. ನಮ್ಮಪ್ಪ ನೆಟ್ಟಿದ್ದು. ನಮ್ಮ ಕಡೆ ಗಂಡಸರಿಗೆ ಎರಡ ಕಲ್ಲು, ಹೆಸರು ಬರ್ಯೂದಿಲ್ಲ ಅಂತ. ಸಲೀಂ ಕಾಕಾ ಈದ್ ದಿನಾ ನಮಾಜ್ ಮುಗಿಸಿ ತಮ್ಮ ಹಿರ್‍ಯಾರ ಗೋರಿ ನೋಡಿ, ಮನಿಗೆ ಹೋಗೂ ಮುಂದ ಇಲ್ಲಿಗೆ ಬರ್ತಿದ್ರಂತ. ನಡ್ಯಾಕ ಆಗೂ ತನಕಾ ಬಂದಾರ. ಕಾಲ ಹೋದ ಮ್ಯಾಲೆ ಮಗಳನ್ನ ಕಳಸ್ಯಾರ. ಅವರು ಹೋಗಿ ಆರ ವರ್ಷ ಆತು. ಆಕಿ ಇನ್ನೂ ಬರ್ತಾಳ.”

ಮೂವತ್ತು ವರ್ಷ ತಾನು ತಂದೆಯನ್ನು ಒಂಟಿಯಾಗಿ ಬಿಟ್ಟು ಬಂದೆ ಎಂಬ ಭಾರದಲ್ಲಿ ಬದುಕಿದ ವಿಶಾಲಾಕ್ಷಿ ಆ ಎರಡು ಕಲ್ಲುಗಳ ನಡುವೆ ಕೂತರು. ಅತ್ತಿರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಬಿಸಿಲು ಏರುವವರೆಗೆ ಮುಳ್ಳುಕಂಟಿ ಕಿತ್ತರಂತೆ. ಹೆಸರಿನ ಫಲಕ ಹಾಕಿಸೋಣವೇ ಎಂದು ಅಪೂರ್ವಾ ಕೇಳಿದಳು. ಬೇಡ ಎಂದರು. ನೆಟ್ಟವರ ಕೈಯ ಕಲ್ಲು ಹಾಗೇ ಇರಲಿ ಎಂದರು.

ಬಂದ ಮೇಲೆ ಕೆಲಸ ಎಂದಿನಂತೆ. ಆದರೆ ಮರೆತೆನೆಂದುಕೊಂಡಿದ್ದ ಅರಬ್ಬಿ ನಾಲಿಗೆಗೆ ಮರಳಿದೆ. ಇದ್ರಿಸ್ ಅವರೊಡನೆ ಬೆಳಗಿನ ಎರಡು ಮಾತು ಅದರಲ್ಲೇ. ಹಂಬಲ ತೀರಿತೇ ಎಂದರೆ ತಲೆ ಅಲ್ಲಾಡಿಸುತ್ತಾರೆ. “ನೋಡಿ ಬಂದ ಮ್ಯಾಲೆ ಹೆಚ್ಚಾಗೇದ. ಮೊದಲ ನೆನಪಿನ ಊರು ಇತ್ತು, ಈಗ ಜುವೈನಾ ಅದಾಳ ಅಲ್ಲೆ.”

ಭಾನುವಾರ ಸಂಜೆ ಗೆಳತಿಯರು ವೀಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಈ ಬೇಸಿಗೆಯಲ್ಲಿ ಲಂಡನ್ನಿಗೆ ಬಾ ಎಂದು ವಿಶಾಲಾಕ್ಷಿ ಕರೆದಿದ್ದಾರೆ. ಮೊಣಕಾಲು ಒಪ್ಪಿದರೆ ಬರುತ್ತೇನೆ ಎಂದಿದ್ದಾಳೆ ಜುವೈನಾ. ಫ್ಲ್ಯಾಟಿನ ಚಿಕ್ಕ ಕೋಣೆಗೆ ಹೊಸ ಪರದೆ ಹಾಕಿಯಾಗಿದೆ. ಭಾರತದ ದಿನಸಿ ಸಿಗುವ ಸೌತ್‌ಹಾಲಿನಿಂದ ಜೋಳದ ಹಿಟ್ಟೂ ಬಂದಿದೆ.

“ಮಸ್ಕತ್ತಿನಾಗ ಇದ್ದಾಗ ಅದು ಅವರ ಊರು. ಹುಬ್ಬಳ್ಳ್ಯಾಗ ನಾ ಮಸ್ಕತ್ತಿನಾಕಿ. ಹಿಂಗಾಗಿ ‘ನಮ್ಮೂರಿಗೆ ಬಾ’ ಅಂತ ನಾ ಯಾರಿಗೂ ಅಂದಿದ್ದs ಇಲ್ಲರಿ,” ಎನ್ನುತ್ತಾರೆ ವಿಶಾಲಾಕ್ಷಿ. “ಹೋದ ವಾರ ಆಕಿಗೆ ಅಂದೇನಿ.”