ವಾಸನೆ ಬರದ ಖೀಮಾ

ಖೀಮಾ ಮಾಡುವ ಸಂಜೆ ನಮ್ಮ ಅತ್ತೆಯವರು ಮೊದಲು ಬೆಳಕಿಂಡಿಗೆ ಗೋಣಿಚೀಲ ತುರುಕುತ್ತಿದ್ದರು. ಆಮೇಲೆ ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲು ಹಾಕಿ, ಒಲೆಯ ಪಕ್ಕದಲ್ಲಿ ಲೋಬಾನದ ಧೂಪ ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಉಸಿರಾಡಲಾಗದ ಆ ಅಡುಗೆಮನೆಯಲ್ಲಿ ನಾವಿಬ್ಬರೂ ಕಣ್ಣು ಮೂಗು ಸುರಿಸಿಕೊಂಡು ಕಳ್ಳರಂತೆ ಪಿಸುಗುಡುತ್ತ ಕೂತಿರುತ್ತಿದ್ದೆವು. ತಿನ್ನುವುದೇನು ಕದ್ದ ಮಾಲೇ? ನನಗಂತೂ ಪಿತ್ತ ನೆತ್ತಿಗೇರುತ್ತಿತ್ತು.

ಅದು ನಿಜಾಮರ ಕಾಲ. ನಮ್ಮವರು ಕಲಬುರಗಿಯ ಕಚೇರಿಯೊಂದರಲ್ಲಿ ಚಪರಾಸಿ. ಗಾಜಿಪುರದ ಓಣಿಯಲ್ಲಿ ಲಿಂಗವಂತರ ಮನೆಯ ಹಿಂಭಾಗದ ಎರಡು ಖೋಲಿ ನಮಗೆ ಬಾಡಿಗೆಗೆ ಸಿಕ್ಕಿದ್ದವು. ಮನೆಯೊಡತಿ ಹಣೆತುಂಬ ವಿಭೂತಿ ಧರಿಸುವ, ಮಿತವಾಗಿ ಮಾತಾಡುವ ವಿಧವೆ. ಅವರ ಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಮಾಂಸದ ವಿಷಯ ಅವರೂ ಎತ್ತಿರಲಿಲ್ಲ, ನಾವೂ ಎತ್ತಿರಲಿಲ್ಲ. ಆದರೆ ಅತ್ತೆಯವರಿಗೆ ಹಳೆಯ ಪೆಟ್ಟೊಂದಿತ್ತು. ನಾನು ಸೊಸೆಯಾಗಿ ಬರುವ ಮೊದಲು ಶಹಾಬಜಾರದಲ್ಲಿ ಅವರು ಬಾಡಿಗೆಗಿದ್ದಾಗ, ವಾಸನೆ ಬಂತೆಂದು ಆ ಮನೆಯವರು ದೀಪ ಹಚ್ಚುವ ಹೊತ್ತಿನಲ್ಲಿ ಪಾತ್ರೆ ಪಡಗವನ್ನೆಲ್ಲ ಬೀದಿಗಿಟ್ಟಿದ್ದರಂತೆ.

ಅಂದಿನಿಂದ ನಮ್ಮ ಮನೆಯ ಖೀಮಾದಿಂದ ವಾಸನೆ ಬರಬಾರದು, ಸದ್ದೂ ಬರಬಾರದು. ಮನೆಯಲ್ಲಿ ಕಡಿದರೆ ಕಟಕಟ ಕೇಳುತ್ತದೆಂದು ಕಟುಕರ ಅಂಗಡಿಯಲ್ಲೇ ಕಡಿಸಿ ತರುವುದು. ಏನೇನು ಬೆರೆತಿದೆಯೋ ಎಂಬ ಅಸಹ್ಯಕ್ಕೆ ಅದನ್ನು ಮತ್ತೆ ಮತ್ತೆ ನೀರು ಹಾಕಿ ತಿಕ್ಕಿ ತೊಳೆಯುವುದು. ಕೊನೆಗೆ ಅರಿಶಿನ, ಉಪ್ಪು, ಖಾರ ಹಾಕಿ ಬೇಯಿಸುವುದು. ಒಗ್ಗರಣೆ ಇಲ್ಲ, ಹುರಿಯುವುದಿಲ್ಲ, ಬೆಳ್ಳುಳ್ಳಿಯ ಹೆಸರೆತ್ತುವಂತಿಲ್ಲ. ತಟ್ಟೆಗೆ ಬಂದಾಗ ಅದು ಒದ್ದೆ ಮರಳಿನಂತಿರುತ್ತಿತ್ತು. ನಮ್ಮವರು ತಲೆ ತಗ್ಗಿಸಿ ರೊಟ್ಟಿಯ ಜೊತೆ ನುಂಗಿ ಎದ್ದುಬಿಡುತ್ತಿದ್ದರು.

ನಾವು ದೊಡ್ಡವರು ಹೇಗೋ ನುಂಗಿಕೊಂಡಿರುತ್ತಿದ್ದೆವು. ಆದರೆ ಆ ವರ್ಷ ನನ್ನ ಪುಟ್ಟ ಮಗಳಿಗೆ ಜ್ವರ ಬಂದು, ಜ್ವರ ಬಿಟ್ಟರೂ ಮಗು ಏಳಲಿಲ್ಲ. ಎತ್ತಿಕೊಂಡರೆ ಬಟ್ಟೆಯ ಗಂಟು ಎತ್ತಿದ ಹಾಗೆ. ಹಕೀಮರು ನಾಡಿ ಹಿಡಿದು, "ದವಾ ಸಾಕು. ದಿನಾ ಖೀಮಾ ತಿನ್ನಸ್ರಿ. ತಿಂದ್ರ ಬಚ್ಚಿ ಉಳೀತಾಳ," ಎಂದರು. ತಿನ್ನದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಿನ್ನಬೇಕಲ್ಲ! ತುತ್ತು ಬಾಯಿಗಿಟ್ಟರೆ ಥೂ ಎಂದು ಉಗುಳುತ್ತಿದ್ದಳು. ನಾನು ಗದರುವುದು, ಅವಳು ಅಳುವುದು, ಅತ್ತೆಯವರು "ಮೆತ್ತಗ, ಮೆತ್ತಗ, ಗೋಡಿ ಆಚಿ ಅವ್ವಾರಿಗೆ ಕೇಳಸ್ತದ" ಎಂದು ನನ್ನ ಬಾಯಿ ಮುಚ್ಚಿಸುವುದು. ಪ್ರತಿ ಸಂಜೆ ಇದೇ ಗೋಳು.

ಕೊನೆಗೆ ಮಗಳನ್ನು ಕಟ್ಟಿಕೊಂಡು ಕಮಲಾಪುರದ ತವರಿಗೆ ಹೋದೆ. ಅಲ್ಲಿ ಅವ್ವ ಖೀಮಾ ಮಾಡಿದಳು. ಮಗು ತಾನಾಗಿಯೇ ಒಲೆಯ ಹತ್ತಿರ ತೆವಳಿ ಹೋಗಿ, "ಅವ್ವಾ, ಏನದು?" ಎಂದು ಕೇಳಿದಳು. ಕೇಳಿದವಳು ತಿಂದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ನಮ್ಮ ಮನೆಯ ರೀತಿ ಹೇಳಿದಾಗ ಅವ್ವ ಹಣೆ ಹಣೆ ಬಡಿದುಕೊಂಡಳು. "ಕಡದ ಮ್ಯಾಲ ತೊಳೀತಾರೇನ ಹುಚ್ಚೀ? ರುಚಿ ಎಲ್ಲಾ ಬಚ್ಚಲಕ್ಕ ಕೊಟ್ಟು, ಕೂಸಿಗಿ ಚರಟ ತಿನ್ನಸಾಕತ್ತೀರಿ! ಖಂಡ ತೊಳಿ, ಒಣ ಬಟ್ಟೀಲೆ ಒರಸು, ಆಮ್ಯಾಲ ಕಡಿ. ನೀರು ಹಾಕಬ್ಯಾಡ. ಅದರ ನೀರಾಗ ಅದೇ ಬೇಯ್ಲಿ. ನೀರು ಆರಿ ಚರ್ರ್ ಅನ್ನೂತನಕ ಕೈ ಆಡಸ್ತಿರು. ಕೂಸಿಂದು ಮೊದಲ ತಗದಿಟ್ಟು, ಆಮ್ಯಾಲ ನಿಮಗ ಖಾರ ಹಾಕು."

"ವಾಸನಿ ಹೋಗ್ತದಲ್ಲವ್ವ ಹೊರಗ?"

"ಹೋಗಬೇಕು. ವಾಸನಿ ಮೂಗಿಗಿ ಬಂದ್ರನ ಜಡ್ಡಿನ ಕೂಸು ಬಾಯಿ ತಗೀತದ."

ಕಲಬುರಗಿಗೆ ಮರಳುವಾಗ ಕಮಲಾಪುರದ ಕೆಂಪು ಬಾಳೆಯ ಚಿಪ್ಪು ತಂದು, ಎಂದಿನಂತೆ ಒಡತಿಗೆ ಕೊಟ್ಟೆ. ಮಾರನೆಯ ದಿನ ನಮ್ಮವರಿಗೆ ಇಡೀ ಖಂಡ ತರಲು ಹೇಳಿದೆ. ಸಂಜೆ ಅವರು ತಂದದ್ದನ್ನು ಮಣೆಯ ಮೇಲಿಟ್ಟು, ಬೆಳಕಿಂಡಿಯ ಗೋಣಿಚೀಲ ಎಳೆದು ಬಿಸಾಕಿದೆ.

ಅತ್ತೆಯವರು ಓಡಿ ಬಂದರು. "ಏನ್ ಮಾಡಾಕತ್ತಿ? ಮನಿ ಬಿಡಸ್ತಾರ ನಮ್ಮನ್ನ!"

"ಬಿಡಸ್ಲಿ ಬಿಡ್ರಿ ಅತ್ತಿ. ಬ್ಯಾರೆ ಮನಿ ಸಿಗ್ತದ. ಬ್ಯಾರೆ ಮಗಳು ಎಲ್ಲಿ ಸಿಗ್ತಾಳ್ರೀ?"

ಅತ್ತೆಯವರು ಗೋಡೆಗೆ ಒರಗಿ ನಿಂತರು. ನಾನು ಸಿಟ್ಟಿನ ಭರದಲ್ಲಿ ಅಡ್ಡಾದಿಡ್ಡಿ ಕಡಿಯುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಕೈ ಕಡಕೋತಿ. ಸರಿ ಅತ್ತಾಗ," ಎಂದು ಎರಡೂ ಕೈಗೆ ಎರಡು ಚೂರಿ ಹಿಡಿದು ಕೂತುಬಿಟ್ಟರು. ಅಬ್ಬಾ, ಆ ಕೈಚಳಕವೇ! ಕಟಕಟಕಟ ಎಂದು ಓಣಿಗೇ ಕೇಳುವಂತೆ ಕಡಿದರು. ಈ ಕೆಲಸ ಇವರು ಕಲಿತದ್ದು ಎಲ್ಲಿ ಎಂದು ನಾನು ಬೆರಗಾದೆ.

ನಾನು ಕೆಂಡದಲ್ಲಿ ಉಳ್ಳಾಗಡ್ಡಿ ಸುಟ್ಟು, ಒಣಕೊಬ್ಬರಿ ಹುರಿದು ಅರೆದೆ. ಖೀಮಾದ ನೀರು ಆರಿತು, ಚರ್ರ್ ಎಂದಿತು. ಬೆಳ್ಳುಳ್ಳಿ ಬಿತ್ತು, ಅರೆದ ಮಸಾಲೆ ಬಿತ್ತು, ಕೊನೆಗೆ ಒಂದು ಹಿಡಿ ಮೆಂತೆಸೊಪ್ಪು. ವಾಸನೆ ಬೆಳಕಿಂಡಿಯಿಂದ ಆಕಾಶಕ್ಕೆ ಹೋಯಿತು. ಹಾಸಿಗೆಯಲ್ಲಿದ್ದ ಮಗಳು ಎದ್ದು ಬಂದು ನನ್ನ ಸೀರೆ ಜಗ್ಗಿದಳು. ಅವಳದನ್ನು ತೆಗೆದು ರೊಟ್ಟಿಯ ಮೆತ್ತನೆಯ ಭಾಗದ ಜೊತೆ ಕಲಸಿ ಕೊಟ್ಟೆ. ಮಾತಿಲ್ಲ ಕತೆಯಿಲ್ಲ, ತಲೆಯೆತ್ತದೆ ತಿನ್ನತೊಡಗಿದಳು.

ಆಗಲೇ ಬಾಗಿಲು ದಬದಬ ಬಡಿದ ಸದ್ದು. ಅತ್ತೆಯವರ ಮುಖ ಬಿಳಿಚಿತು. ನಮ್ಮವರು ಬಾಗಿಲು ತೆಗೆದರೆ ಮನೆಯೊಡತಿ! ಎಂದೂ ನಮ್ಮ ಹೊಸ್ತಿಲು ತುಳಿಯದವರು ಅಡುಗೆಮನೆಯವರೆಗೆ ನುಗ್ಗಿ ಬಂದರು.

ಅತ್ತೆಯವರು ಪಾತ್ರೆಗೆ ಅಡ್ಡ ನಿಂತು ಕೈಮುಗಿದರು. "ತಪ್ಪಾತ್ರೀ ಅವ್ವಾರ. ನಾಳೀಗೇ ಮನಿ ಖಾಲಿ..."

"ಕೂಸು ಎಲ್ಲದ್ರೀ?" ಒಡತಿ ಏದುಸಿರು ಬಿಡುತ್ತಿದ್ದರು. "ದಿನಾ ಈ ಹೊತ್ತಿಗಿ ಅಳ್ತಿತ್ತು. ಇವತ್ತ ದನೀನ ಇಲ್ಲ. ನನ್ನ ಎದಿ ಧಸಕ್ಕಂತು."

ಮಗಳು ಬೆರಳು ನೆಕ್ಕುತ್ತ ಅವರ ಕಡೆ ನೋಡಿ, ಖಾಲಿ ತಟ್ಟೆಯನ್ನು ನನ್ನ ಮುಂದೆ ನೂಕಿದಳು. "ಅವ್ವಾ, ಇನ್ನಷ್ಟು."

ಒಡತಿ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತರು. ಆಮೇಲೆಯೇ ಅವರಿಗೆ ವಾಸನೆ ತಟ್ಟಿದ್ದು. ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಮೂಗು ನಂದು, ನಾ ಮುಚ್ಚಿಕೋತೀನಿ. ನೀವು ಕೂಸಿನ ಬಾಯಿ ಕಟ್ಟಬ್ಯಾಡ್ರಿ. ಸೋಮವಾರ ಒಂದು ಬಿಡ್ರಿ, ಸಾಕು. ಮತ್ತ ಆ ಲೋಬಾನ ಬಂದ್ ಮಾಡ್ರಿ ಮಾರಾಯ್ತಿ, ನನಗ ಕೆಮ್ಮು ಬರ್ತದ!"

ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿತು.

ಅತ್ತೆಯವರು ಎಲ್ಲರ ಊಟ ಮುಗಿದ ಮೇಲೆ ಕೂತರು. ತಳ ಹಿಡಿದದ್ದನ್ನು ರೊಟ್ಟಿಯ ತುಣುಕಿನಿಂದ ಕೆರೆದು ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು.

"ಶಹಾಬಜಾರದಾಗ ಹಿಂಗೇ ಮಾಡ್ತಿದ್ದೆ ನಾ," ಎಂದರು. "ಇದೇ ವಾಸನಿ. ನನ್ನ ಮಗ ಓಣಿ ತುದೀಲಿಂದ ಓಡಿ ಬರ್ತಿದ್ದ."

ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಹೌದು, ಬರ್ತಿದ್ದೆ," ಎಂದರು.

ಮಾರನೆಯ ಬೆಳಿಗ್ಗೆ ಅತ್ತೆಯವರು ಆ ಗೋಣಿಚೀಲವನ್ನು ಒಗೆದು ಒಣಗಿಸಿದರು. ಸಂಜೆ ಅದನ್ನು ಮಡಿಸಿ ಒಲೆಯ ಮುಂದೆ ಹಾಸಿಕೊಂಡು ಕೂತು, "ಚೂರಿ ತಾ ಇಲ್ಲಿ," ಎಂದರು.