ಅವ್ವನ ಬಾಯಿಯ ಕಾವಲು

ಅವ್ವನ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಕಮಲಾಪುರದ ನಮ್ಮ ಮನೆಯಲ್ಲಿ ಚರ್ಚಿನ ಹೆಂಗಸರ ಪ್ರಾರ್ಥನಾ ಕೂಟ ನಡೆದಿತ್ತು. ಸಣ್ಣವಳಿದ್ದಾಗಿನಿಂದ ಬಾಯಿಪಾಠವಾದ ಸಾಲು ಅದು. ಆಕೆ ಗೋಡೆ ನೋಡಿದಳು, ನನ್ನನ್ನು ನೋಡಿದಳು. ಮುಂದಿನ ಮಾತು ಬರಲಿಲ್ಲ. ಅಲ್ಲಿಯವರೆಗಿನ ತಲೆನೋವು, ಜ್ವರವನ್ನೆಲ್ಲ ನಾವು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆವು.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರು.

"ಟಿಬಿ ಮೆನಿಂಜೈಟಿಸ್," ಎಂದರು ಡಾಕ್ಟರ್. "ಮಿದುಳಿನ ಹೊದಿಕಿಗೆ ಟಿಬಿ ಆಗ್ಯಾದ. ಏನೇನೋ ಬಡಬಡಿಸಬಹುದು, ಗುರುತು ಹಿಡೀಲಿಕ್ಕಿಲ್ಲ. ಅಂಜಬ್ಯಾಡ್ರಿ."

ಅವ್ವನಿಗೆ ಇನ್ನೂ ಎಚ್ಚರವಿತ್ತು. ಕೇಳಿಸಿಕೊಂಡಳು.

ಸಾವಿನ ಭಯವಿರಬೇಕು ಎಂದುಕೊಂಡೆ. ಅದಲ್ಲ. ಡಾಕ್ಟರ್ ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಸುಮತಿ, ಬುದ್ಧಿ ಹೋದಾಗ ನಾ ಕರ್ತನ್ನ ಬ್ಯಾಡ ಅಂದುಬಿಟ್ರ? ನೀ ನನ್ನ ಬಾಯಿ ಕಾಯಬೇಕು."

"ನಂಬದಾಕೀನ ಕಾವಲಿಗೆ ಇಡ್ತಿಯಾ?"

"ನಂಬೋರು ಕಣ್ಣ ಮುಚ್ಚಿ ಅಳಕೋತ ಕೂಡ್ತಾರ. ನೀ ಕಣ್ಣ ತೆರದು ಕೂಡ್ತಿ. ಏನಂದೆ ಅಂತ ಖರೇ ಹೇಳಬೇಕು ಮತ್ತ."

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಚೀಟಿಯಲ್ಲಿ ಯಾವ ಪಕ್ಷ ಬಂದರೂ ವಾದಿಸಿ ಗೆಲ್ಲುವವಳು ನಾನು. ದೇವರೇ ಇಲ್ಲದ ಮೇಲೆ ದ್ರೋಹ ಯಾರಿಗೆ ಎಂದು ಅವ್ವನನ್ನು ಎಷ್ಟೋ ಸಲ ಕೆಣಕಿದ್ದೆ. ಈಗ ಮಂಚದ ಪಕ್ಕ ಕೂತು ಆಕೆಯ ತುಟಿಗಳನ್ನೇ ನೋಡುತ್ತಿದ್ದೆ. ತುಟಿ ಅಲುಗಿದರೆ ಕಿವಿ ಹತ್ತಿರ ಒಯ್ಯುತ್ತಿದ್ದೆ. ಇಲ್ಲದ ದೇವರ ವಿಷಯಕ್ಕೆ ಒಬ್ಬಳು ಇಷ್ಟು ಅಂಜಬಹುದೇ? ಅಂಜಿದ್ದೆ.

ಎಸ್‌ಟಿಡಿ ಬೂತಿನಿಂದ ಊರಿಗೆ ಸುದ್ದಿ ಮುಟ್ಟಿಸಿದ್ದೆ. ಭಾನುವಾರ ಪಾಸ್ಟರ್ ಬರುವ ಹೊತ್ತಿಗೆ ಅವ್ವ ನನ್ನ ಗುರುತನ್ನೂ ಹಿಡಿಯುತ್ತಿರಲಿಲ್ಲ. ಚರ್ಚಿನಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನ ಮುಗಿದ ಮೇಲೆ ಕಾಯಿಲೆಯವರಿಗೆಂದು ರೊಟ್ಟಿಯ ತುಣುಕನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತರುವುದು ನಮ್ಮ ಸಭೆಯ ರೂಢಿ. ಅದು ಕರ್ತನ ದೇಹದ ಗುರುತು, ಕಸಕ್ಕೆ ಹಾಕುವಂತಿಲ್ಲ. ಮಿಕ್ಕರೆ ಯಾರಾದರೂ ತಿನ್ನಬೇಕು. ಪಾಸ್ಟರ್ ಕರ್ತನ ಹೆಸರಿನಲ್ಲಿ ಪ್ರಾರ್ಥಿಸಿ ತುಣುಕನ್ನು ಅವ್ವನ ಬಾಯಿಗಿಟ್ಟರು.

ಅವ್ವ ಉಗುಳಿದಳು.

"ಯಾಂವ ಅಂವ? ನನಗ ಗೊತ್ತಿಲ್ಲ! ಒಯ್ರಿ ಅತ್ಲಾಗ!"

ತುಣುಕು ದಿಂಬಿನ ಮೇಲೆ ಬಿತ್ತು. ನರ್ಸ್ ಕಸದ ಡಬ್ಬಿ ಹಿಡಿದಳು. "ಇದ್ರಾಗ ಹಾಕ್ರಿ ಲಗೂನ." ಯೋಚನೆ ಮಾಡುವುದರೊಳಗೆ ನಾನು ದಿಂಬಿನ ಮೇಲಿನ ಒದ್ದೆ ತುಣುಕನ್ನು ಎತ್ತಿ ಬಾಯಿಗೆ ಹಾಕಿಕೊಂಡಿದ್ದೆ.

ವಾರಗಳ ಮೇಲೆ ಔಷಧಿ ಹಿಡಿಯಿತು. ಅವ್ವ ನನ್ನನ್ನು ಗುರುತಿಸಿದಳು. ನೀರು ಕೇಳಲಿಲ್ಲ.

"ಏನರ ಅಂದ್ನೇನು?"

ಹೇಳಿದೆ. ಉಗುಳಿದ್ದು, ಗೊತ್ತಿಲ್ಲ ಎಂದದ್ದು, ಎಲ್ಲ. ಆಕೆ ಮುಖ ಗೋಡೆಯ ಕಡೆ ತಿರುಗಿಸಿದಳು. ನಾನು ಗಾಬರಿಯಲ್ಲಿ ಆಕೆಯ ಪಕ್ಷ ಹಿಡಿದು ವಾದಕ್ಕಿಳಿದೆ.

"ಪೇತ್ರ ಕರ್ತನ ಶಿಷ್ಯ, ನೆಟ್ಟಗ ಬುದ್ಧಿ ಇದ್ದಾಗನ ಕರ್ತ ಯಾರೋ ಗೊತ್ತಿಲ್ಲ ಅಂದಾನ, ಅದೂ ಮೂರು ಸಲ. ಅವಗ ಮಾಫಿ ಸಿಕ್ತು. ನಿಂದು ಜಡ್ಡು ಆಡಿದ ಮಾತು."

"ಪೇತ್ರ ತಪ್ಪ ನೆನಸಿ ಅತ್ತ," ಎಂದಳು ಅವ್ವ. "ನನಗ ನೆನಪ ಇಲ್ಲ. ಏನಂತ ಅಳ್ಲಿ?"

ನಾನು ಆಕೆಯ ಹೊದಿಕೆ ಸರಿಮಾಡಿದೆ.

ಗೋಡೆ ನೋಡುತ್ತಲೇ ಕೇಳಿದಳು. "ಆ ತುಣುಕು? ಕಸಕ್ಕ ಹೋಯ್ತಾ?"

"ಇಲ್ಲ. ನಾ ತಿಂದೆ."

ಥಟ್ಟನೆ ಈ ಕಡೆ ತಿರುಗಿದಳು. "ನೀನಾ? ಈಗ ನಂಬ್ತಿಯೇನು?"

"ಇಲ್ಲ."

"ಮತ್ಯಾಕ ತಿಂದಿ, ವಕೀಲಮ್ಮ?"

"ನಿನ್ನ ಬಾಯಾಗಿಂದು. ಡಬ್ಬ್ಯಾಗ ಹಾಕಾಕ ಆಗಲಿಲ್ಲ."

ಆಗ ಅವ್ವ ಅತ್ತಳು. ನಗುತ್ತಲೂ ಇದ್ದಳೇನೋ, ಸೊರಗಿದ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

ಈಗ ಕಮಲಾಪುರದಲ್ಲಿದ್ದೇವೆ. ಗುಳಿಗೆ ಇನ್ನೂ ನಡೆದಿವೆ. ಅರ್ಧಕ್ಕೆ ಬಿಟ್ಟರೆ ರೋಗ ಮರಳಬಹುದೆಂದು ಡಾಕ್ಟರ್ ಹೆದರಿಸಿ ಕಳಿಸಿದ್ದಾರೆ. ಅವ್ವ ಹಣೆ ಒತ್ತಿಕೊಂಡರೆ ಸಾಕು, ನಾನು ಗುಳಿಗೆಗಳನ್ನು ಮತ್ತೆ ಎಣಿಸುತ್ತೇನೆ. ಬದುಕಿ ಕೂತಿದ್ದಾಳೆ, ಅದಕ್ಕೆ ಯಾರಿಗೆ ಋಣಿಯಾಗಿರಬೇಕೆಂಬ ವಾದವನ್ನು ಸದ್ಯಕ್ಕೆ ಮುಂದೂಡಿದ್ದೇನೆ.

ನಿನ್ನೆ ಗುಳಿಗೆ ನುಂಗಿ ಲೋಟ ಕೊಡುತ್ತ ಅವ್ವ ಹೇಳಿದಳು. "ಮತ್ತ ನಾ ಹಂಗ ಉಗುಳಿದ್ರ, ನೀನ ತಿನ್ನು."

ಹ್ಞೂಂ ಎಂದೆ. ನಂಬದವಳು ಎಂಥ ಮಾತು ಕೊಟ್ಟೆನೆಂದು ಆಮೇಲೆ ಅಂಜಿಕೆಯಾಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.