ಹೊಸತೊಡಕಿನ ಕೇಸು

ಎಪ್ಪತ್ತರ ದಶಕದ ಬನಶಂಕರಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಯುಗಾದಿಯ ಮರುದಿನ, ಹೊಸತೊಡಕಿಗೆ, ಇಸ್ಪೀಟು ಆಡದ ಗಂಡಸು ನಮ್ಮ ಬೀದಿಯಲ್ಲಿ ಇರಲಿಲ್ಲ. ಬಾಡೂಟ ಮುಗಿಸಿ ಹೊಂಗೆ ಮರದ ಕೆಳಗೆ ಚಾಪೆ ಹಾಸಿದರೆ ಕತ್ತಲಾದರೂ ಏಳುತ್ತಿರಲಿಲ್ಲ. ಹೂವಿನ ವಾಸನೆ, ನಗು, ಬೈಗುಳ, ನಡುವೆ ಮನೆಮನೆಯಿಂದ ಬರುವ ಟೀ. ಆ ಮಧ್ಯಾಹ್ನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ಆ ದಿನ ಆಡಿದರೆ ವರ್ಷವೆಲ್ಲ ಅದೃಷ್ಟ ಎಂದು ಅಮ್ಮನೇ ಅಣ್ಣನನ್ನು ಆಟಕ್ಕೆ ಅಟ್ಟುತ್ತಿದ್ದಳು. ಎಂಥ ಅದೃಷ್ಟವೋ! ಒಂದು ವರ್ಷ ಪೊಲೀಸ್ ವ್ಯಾನು ಬಂತು. ಎಲ್ಲರೂ ಹೊಸಕೆರೆಹಳ್ಳಿಯ ಕಡೆ ಕಾಲಿಗೆ ಬುದ್ಧಿ ಹೇಳಿದರು. ಚಪ್ಪಲಿ ಹುಡುಕುತ್ತ ನಿಂತ ನಮ್ಮಣ್ಣನೊಬ್ಬ ಸಿಕ್ಕಿಬಿದ್ದ. ಕೋರ್ಟಿನಲ್ಲಿ ದಂಡ ಕಟ್ಟಿ ಬಂದ.

ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಅಪ್ಪ ತೀರಿಕೊಂಡ ಮೇಲೆ, ಅವನಿಗೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವ ಹಾಗಾಯಿತು. ನಮ್ಮ ಸಂಸಾರಕ್ಕೆ ಇದ್ದದ್ದು ಅದೊಂದೇ ದಾರಿ. ಕೆಲಸ ಕೊಡುವ ಮೊದಲು ಹುಡುಗನ ನಡತೆ ಹೇಗೆಂದು ಪೊಲೀಸರು ವಿಚಾರಣೆಗೆ ಬರುತ್ತಾರೆಂದು ತಿಳಿದದ್ದೇ ತಡ, ಅಮ್ಮ ನನ್ನನ್ನು ಕರೆದುಕೊಂಡು ಮನೆಮನೆಗೆ ಹೋಗಿ, "ಆ ಕೇಸಿನ್ ವಿಷ್ಯ ಮಾತ್ರ ಬಾಯಿ ಬಿಡ್ಬೇಡಿ" ಎಂದು ಬೇಡಿಕೊಂಡಳು. ಅಷ್ಟರಲ್ಲಿ ಅಣ್ಣ ಅರ್ಜಿಯಲ್ಲಿ ಎಲ್ಲವನ್ನೂ ಬರೆದು ಕಳಿಸಿಬಿಟ್ಟಿದ್ದ. ಅಮ್ಮ ಹೆದರುತ್ತಾಳೆಂದು ಆ ಮಹಾನುಭಾವ ನಮಗೆ ಹೇಳಿರಲಿಲ್ಲ.

ಪೇದೆ ಬಂದಾಗ ಬೀದಿಯವರು ಪೈಪೋಟಿಯ ಮೇಲೆ ಅಣ್ಣನನ್ನು ಹೊಗಳಿದರು.

"ಇಸ್ಪೀಟಾ? ಆ ಹುಡ್ಗನಿಗೆ ಆಟೀನ್ ಯಾವ್ದು, ಕಳಾವರ್ ಯಾವ್ದು ಅಂತ್ಲೇ ಗೊತ್ತಿಲ್ಲ ಸಾರ್" ಎಂದರು ಎದುರುಮನೆ ಅಂಕಲ್. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು.

ಪೇದೆ ನಮ್ಮ ಗೇಟಿನ ಬಳಿ ಬಂದು ನಿಂತರು. "ಏನಮ್ಮಾ, ನಿಮ್ಮ ಮಗ ಕೇಸಾಗಿತ್ತು ಅಂತ ತಾನೇ ಬರ್ದವ್ನೆ. ಇವ್ರೆಲ್ಲ ಏನೂ ಇಲ್ಲ ಅಂತಾರೆ. ಎಲ್ಲಾ ಸೇರ್ಕೊಂಡು ಇನ್ನೇನೋ ದೊಡ್ಡದನ್ನ ಮುಚ್ತಿರೋ ಹಂಗೈತೆ."

ಅಮ್ಮ ಗೇಟು ತೆರೆದು ಹೊರಗೆ ಬಂದಳು. "ನಾನೇ ಸಾರ್ ಹಂಗೆ ಹೇಳಿ ಅಂದಿದ್ದು. ಆಡಕ್ಕೆ ಕಳಿಸಿದ್ದೂ ನಾನೇ. ಅದೊಂದು ಬಿಟ್ರೆ ಬೇರೆ ಏನಿಲ್ಲ."

"ಹೆತ್ತವ್ರೆಲ್ಲ ಹಂಗೇ ಅನ್ನೋದು" ಎಂದು ಪೇದೆ ಪೆನ್ನು ತೆಗೆದರು. ಕೆಲಸ ಕೈತಪ್ಪಿತೆಂದೇ ನಾನು ತಿಳಿದೆ.

ಆಗ ಎದುರುಮನೆ ಅಂಕಲ್, ಹೆಂಡತಿ ತೋಳು ಹಿಡಿದು ಎಳೆಯುತ್ತಿದ್ದರೂ ಕೊಸರಿಕೊಂಡು, ರಸ್ತೆ ದಾಟಿ ಬಂದರು.

"ಅವ್ರು ಹೇಳ್ತಿರೋದು ನಿಜ ಸಾರ್. ಅವತ್ತು ನಾನೂ ಅವನ ಪಕ್ಕದಲ್ಲೇ ಕೂತು ಆಡ್ತಿದ್ದೆ. ನಾನು ಓಡ್ದೆ. ಬೇಕಾದ್ರೆ ನನ್ನ ಹೆಸ್ರೂ ಬರ್ಕೊಳ್ಳಿ."

ಪೇದೆ ಅವರನ್ನೇ ನೋಡಿದರು. ಆಮೇಲೆ ನಕ್ಕು ಪೆನ್ನು ಜೇಬಿಗೆ ಸೇರಿಸಿದರು. "ಹೋಗಿ ಸಾರ್ ಒಳಗೆ. ಒಬ್ಬನನ್ನ ವಿಚಾರಿಸೋಕೆ ಬಂದ್ರೆ ಬೀದೀನೇ ಎಳ್ಕೊಂಡು ಹೋಗೋ ಹಂಗಾಯ್ತು."

ಕೆಲಸದ ಆರ್ಡರ್ ಬಂದ ದಿನ ಅಮ್ಮ ಅದನ್ನು ದೇವರ ಮುಂದೆ ಇಡುವ ಮೊದಲು ಎದುರುಮನೆಗೆ ಒಯ್ದಳು. ಅಂಕಲ್ ಅದನ್ನು ಓದಿ, ಅಣ್ಣನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅವನೊಬ್ಬನನ್ನೇ ಬಿಟ್ಟು ಓಡಿದ್ದು ಅವರನ್ನು ಅಷ್ಟು ವರ್ಷ ಕೊರೆಯುತ್ತಿತ್ತೆಂದು ನಮಗೆ ಗೊತ್ತೇ ಇರಲಿಲ್ಲ.